ಅಪ್ಪನ ಸ್ಪೀಕರುಗಳಿಗೊಂದು ರಿಸೀವರ್

ಅರಂತೋಡು
ತಾ. 9-11-2025, ಭಾನುವಾರ

ಪ್ರೀತಿಯ ಹರಿಗೆ ಅವ್ವನ ಆಶೀರ್ವಾದ.

ಹೇಗಿದ್ದೀಯ ಮಗಾ? ಬೆಳಿಗ್ಗೆ ಏಳುವಾಗ ಬಕೆಟಿನ ನೀರು ಮಂಜುಗಡ್ಡೆಯಾಗಿರುತ್ತದೆ ಎಂದು ನೀನು ಹಿಂದೊಮ್ಮೆ ಹೇಳಿದ್ದೆ. ಅಂದಿನಿಂದ ಇಲ್ಲಿ ಸ್ನಾನದ ಒಲೆಗೆ ಬೆಂಕಿ ಹಾಕುವಾಗೆಲ್ಲ ನಿನ್ನ ನೆನಪಾಗುತ್ತದೆ. ಕೈಬೆರಳು ಒಡೆದದ್ದು ವಾಸಿಯಾಯಿತೇ? ಊಟ ಸೇರುತ್ತದೆಯೇ? ಅಷ್ಟು ಎತ್ತರದಲ್ಲಿ ಹಸಿವೇ ಆಗುವುದಿಲ್ಲ ಎಂದು ಟಿವಿಯಲ್ಲಿ ಯಾರೋ ಹೇಳುತ್ತಿದ್ದರು. ಹಸಿವಿಲ್ಲದಿದ್ದರೂ ಹೊತ್ತಿಗೆ ಸರಿಯಾಗಿ ತಿನ್ನು. ಪುಣೆಯಿಂದ ನಿನ್ನ ಹೆಂಡತಿ ಮೊನ್ನೆ ಫೋನು ಮಾಡಿದ್ದಳು. ಪಾಪು ಕವುಚಿ ಬೀಳಲು ಕಲಿತಿದ್ದಾಳಂತೆ. ಕಡಬದಲ್ಲಿ ನಿನ್ನ ತಂಗಿ ಸುರಕ್ಷಾ, ಅವಳ ಗಂಡ ಉಲ್ಲಾಸ್ ಚೆನ್ನಾಗಿದ್ದಾರೆ. ನನ್ನ ಮೊಣಕಾಲಿನ ನೋವು ಹಾಗೆಯೇ ಇದೆ, ಅದರ ಸುದ್ದಿ ಬರೆಯುವುದಕ್ಕೆ ಏನೂ ಇಲ್ಲ. ನಿನಗೆ ಫೋನು ಸಿಗುವುದು ತಿಂಗಳಿಗೊಮ್ಮೆ, ಅದೂ ಎರಡು ನಿಮಿಷ. ಅರ್ಧ ಹೊತ್ತು 'ಕೇಳ್ತದಾ, ಕೇಳ್ತದಾ' ಎನ್ನುವುದರಲ್ಲೇ ಹೋಗುತ್ತದೆ. ನಾನು ಹೇಳಬೇಕಾದದ್ದು ಎರಡು ನಿಮಿಷದಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಈ ಕಾಗದ. ಅಂಗನವಾಡಿಯಲ್ಲಿ ಮೂವತ್ತು ವರ್ಷ ರಿಜಿಸ್ಟರ್ ಬರೆದ ಕೈ ನನ್ನದು. ಆದರೂ ಅಕ್ಷರ ಅಲ್ಲಲ್ಲಿ ಓರೆಯಾಗಿದ್ದರೆ ಬೇಸರಿಸಬೇಡ, ಅದರ ಕಾರಣವನ್ನೂ ಬರೆಯುತ್ತೇನೆ.

ಜುಲೈಯಲ್ಲಿ ನೀನು ಮಿಲಿಟರಿ ಕ್ಯಾಂಟೀನಿನಿಂದ ಕಳಿಸಿದ, ಟಿವಿಯ ಕೆಳಗಿಡುವ ಉದ್ದನೆಯ ಸೌಂಡ್‌ಬಾರನ್ನು ನಾವು ಸುರಕ್ಷಾಳ ಮನೆಗೆ ಕೊಟ್ಟದ್ದು ನಿನಗೆ ಬೇಸರ ತಂದಿದೆ ಎಂದು ಗೊತ್ತು. ಆಗಸ್ಟಿನಲ್ಲಿ ಫೋನು ಮಾಡಿದಾಗ ಅಪ್ಪನ ಹತ್ತಿರ ನೀನು ಹೇಳಿದ ಮಾತು ನನಗೂ ಕೇಳಿಸಿತ್ತು: 'ಆ ಹಳೆ ಸ್ಪೀಕರ್ ಪೆಟ್ಟಿಗೆಗಳನ್ನು ಇನ್ನಾದರೂ ಗುಜರಿಗೆ ಹಾಕಿ ಅಪ್ಪ, ಮನೆಯ ಅರ್ಧ ಜಾಗ ಅದೇ ತಿಂತದೆ.' ಅಪ್ಪ ಫೋನನ್ನು ನನ್ನ ಕಡೆ ಚಾಚಿ ಎದ್ದು ಹೋದರು. ಆಮೇಲಿನ ಎರಡು ಸಲವೂ ಅವರು ಫೋನಿಗೆ ಬರಲಿಲ್ಲ, ನೀನೂ ಕೊಡಿ ಎಂದು ಕೇಳಲಿಲ್ಲ. ಮೂರು ತಿಂಗಳಾಯಿತು. ತಪ್ಪು ನಿನ್ನದಲ್ಲ ಹರಿ. ನಿನಗೆ ವಿಷಯವೇ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ಮಾಡಿದವರು ನಾವು.

ಅಪ್ಪನಿಗೆ ಕಣ್ಣು ಕಾಣುವುದಿಲ್ಲ. ಪೊರೆ ಬಂದಿದೆ, ಆಪರೇಷನ್ ಮಾಡಿಸಿದರೆ ಸರಿಹೋಗುತ್ತದೆ ಎಂದು ನಾವು ನಿನಗೆ ಹೇಳಿದ್ದು ಸುಳ್ಳು. ಅದು ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಒಣಗುತ್ತಾ ಹೋಗುವ ರೋಗ. ಮೊದಲು ಬದಿಯ ನೋಟ ಹೋಗುತ್ತದಂತೆ. ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಈ ಫೆಬ್ರವರಿಯಿಂದ ಅವರಿಗೆ ಕಿಟಕಿ ತೆರೆದರೆ ಬೆಳಕು, ಮುಚ್ಚಿದರೆ ಕತ್ತಲೆ ಎಂಬುದಷ್ಟೇ ತಿಳಿಯುತ್ತದೆ. ನಿನ್ನ ಹೆಂಡತಿ ವಿಡಿಯೋದಲ್ಲಿ ಪಾಪುವನ್ನು ತೋರಿಸಿದಾಗ ಅಪ್ಪ ಫೋನಿಗೆ ಮುಖ ಕೊಟ್ಟು 'ಚಂದ ಉಂಟು, ಮೂಗು ನಮ್ಮ ಕಡೆಯದ್ದೇ' ಎಂದರಲ್ಲ, ಆ ಮೂಗಿನ ವಿಷಯ ಮೊದಲೇ ನಾನು ಕಿವಿಯಲ್ಲಿ ಹೇಳಿಕೊಟ್ಟದ್ದು. ಈ ವರ್ಷದ ನಿನ್ನ ರಜೆ ಪುಣೆಯಲ್ಲಿ ಹೆರಿಗೆಗೆಂದು ಕಳೆದುಹೋದದ್ದು ನಮಗೆ ಅನುಕೂಲವೇ ಆಯಿತು. ನೀನು ಅಷ್ಟು ದೂರದ ಗಡಿಯಲ್ಲಿದ್ದುಕೊಂಡು ಮನಸ್ಸು ಕೆಡಿಸಿಕೊಳ್ಳಬಾರದು ಎಂದು ಅಪ್ಪ ನನ್ನ ಬಾಯಿ ಕಟ್ಟಿದ್ದರು. ಈಗ ಅವರೇ ಬರೆ ಎಂದಿದ್ದಾರೆ.

ಮೊದಲಿನಿಂದ ಹೇಳುತ್ತೇನೆ. ಕಳೆದ ವರ್ಷ ಜೂನಿನಲ್ಲಿ ನಾನು ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡೆ ಎಂದಿದ್ದೆನಲ್ಲ, ಅದೂ ಸುಳ್ಳು. ಸುಳ್ಯದಿಂದ ಬರುವಾಗ ಅಪ್ಪನ ಸ್ಕೂಟರಿನಲ್ಲಿ ನಾನು ಹಿಂದೆ ಕುಳಿತಿದ್ದೆ. ಎಡಬದಿಯ ಒಳರಸ್ತೆಯಿಂದ ಒಂದು ರಿಕ್ಷಾ ನಿಧಾನವಾಗಿ ಮುಖ್ಯರಸ್ತೆಗೆ ಇಳಿಯಿತು. ನನಗೆ ಅಷ್ಟು ದೂರದಿಂದಲೇ ಕಂಡಿತು. ಅಪ್ಪನೂ ನೋಡಿದ್ದಾರೆ ಎಂದುಕೊಂಡು ಸುಮ್ಮನಿದ್ದೆ. ಅವರು ನೇರವಾಗಿ ಹೋಗಿ ಅದಕ್ಕೆ ಗುದ್ದಿದರು. ರಿಕ್ಷಾದಲ್ಲಿದ್ದವರಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ನನ್ನ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ರಿಕ್ಷಾದವನು 'ಕಣ್ಣು ಕಾಣುದಿಲ್ವಾ ನಿಮಗೆ?' ಎಂದು ಬೈದಾಗ ಅಪ್ಪ ತಲೆ ತಗ್ಗಿಸಿ ನಿಂತದ್ದನ್ನು ನೋಡಿ ನನಗೆ ವಿಚಿತ್ರವೆನಿಸಿತು. ರಸ್ತೆಯಲ್ಲಿ ಯಾರಾದರೂ ಬೈದರೆ ಸುಮ್ಮನಿರುವ ಮನುಷ್ಯರಲ್ಲವಲ್ಲ ಅವರು. ನನ್ನ ಕೈಗೆ ಪ್ಲಾಸ್ಟರ್ ಹಾಕಿಸಿದ ಮೂರನೆಯ ದಿನ ಬಾಯಿಬಿಟ್ಟರು. ಒಂಬತ್ತು ವರ್ಷದ ಹಿಂದೆ ಸುಳ್ಯದ ಒಂದು ಕಣ್ಣಿನ ಶಿಬಿರದಲ್ಲೇ ಡಾಕ್ಟರು ರೋಗದ ಹೆಸರು ಹೇಳಿ, ಕಣ್ಣಿಗೆ ಬಿಡುವ ಮದ್ದು ಬರೆದುಕೊಟ್ಟು, ಜೀವವಿರುವ ತನಕ ತಪ್ಪಿಸಬಾರದು ಎಂದಿದ್ದರಂತೆ. ಎರಡು ತಿಂಗಳು ಹಾಕಿಕೊಂಡರಂತೆ. ಮದ್ದು ಹಾಕಿದರೆ ಉರಿ, ಹಾಕದಿದ್ದರೆ ಏನೂ ಇಲ್ಲ. ನೋವಿಲ್ಲ, ಎದುರಿನದ್ದು ಸ್ಪಷ್ಟ ಕಾಣುತ್ತದೆ. ನಿಲ್ಲಿಸಿಬಿಟ್ಟರು. ಟಾಕೀಸು ಮುಚ್ಚಿದ ಮೇಲೆ ಅವರು ಮನೆಮನೆಗೆ ಡಿಶ್ ಕೂರಿಸುವ ಕೆಲಸ ಮಾಡುತ್ತಿದ್ದರಲ್ಲ. ಕಣ್ಣಿನ ರೋಗ ಇರುವವನನ್ನು ಮನೆಯ ಮಾಡಿಗೆ ಹತ್ತಿಸುವವರು ಯಾರು ಎಂಬ ಹೆದರಿಕೆ ಒಂದು. ಇನ್ನೊಂದು ಅವರ ಅಭಿಮಾನ. ಇಪ್ಪತ್ತೇಳು ವರ್ಷ ಟಾಕೀಸಿನ ಆಪರೇಟರ್ ಆಗಿದ್ದವರು, ಪರದೆಯ ಮೇಲೆ ಫೋಕಸ್ ಕೂದಲೆಳೆಯಷ್ಟು ಜಾರಿದರೂ ಕ್ಯಾಬಿನ್ನಿನಿಂದ ಹಿಡಿಯುತ್ತಿದ್ದ ಕಣ್ಣು ಅದು.

ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಪ್ಪತ್ತು ದಿನ ನಾನು ಅವರೊಡನೆ ಮಾತಾಡಲಿಲ್ಲ. ಮುರಿದ ಕೈಗಲ್ಲ, ಒಂದೇ ಮನೆಯಲ್ಲಿ ಒಂಬತ್ತು ವರ್ಷ ನನ್ನಿಂದ ಮುಚ್ಚಿಟ್ಟರಲ್ಲ ಎಂದು. ಪುತ್ತೂರಿಗೆ, ಅಲ್ಲಿಂದ ಮಂಗಳೂರಿಗೆ ಹೋದೆವು. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರಲ್ಲಿ ಪೈಪಿನೊಳಗಿಂದ ನೋಡಿದಷ್ಟು ಉಳಿದಿತ್ತು. ಅದನ್ನಾದರೂ ಉಳಿಸಲು ಆಪರೇಷನ್ ಮಾಡಿದರು, ನಿಲ್ಲಲಿಲ್ಲ. ಫೆಬ್ರವರಿಯ ಒಂದು ಬೆಳಿಗ್ಗೆ ಅಪ್ಪ ಕಾಫಿ ಲೋಟ ಹಿಡಿದುಕೊಂಡು 'ಇವತ್ತು ಮೋಡ ಉಂಟಾ?' ಎಂದು ಕೇಳಿದರು. ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು. ಆ ಹೊತ್ತಿಗೆ ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಅದಾದ ಮೇಲೆ ಅವರು ಗೋಡೆಗೆ ಮುಖ ಮಾಡಿ ಮಲಗಿದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಟಿವಿ ಹಾಕಿದರೆ 'ನಿಲ್ಲಿಸು' ಎನ್ನುತ್ತಿದ್ದರು. ಇಂಥ ಸಮಯದಲ್ಲಿ ನಿನ್ನ ಸೌಂಡ್‌ಬಾರ್ ಬಂತು. ಸುರಕ್ಷಾ ಕಡಬದಿಂದ ಬಂದು ಜೋಡಿಸಿ, ಒಂದು ಸಿನಿಮಾ ಹಾಕಿದಳು. ಸದ್ದೇನೋ ದೊಡ್ಡದಾಗಿಯೇ ಬಂತು. ಅಪ್ಪ ಕಾಲು ಗಂಟೆ ಕೇಳಿ, 'ಎಲ್ಲರೂ ಒಂದೇ ಡಬ್ಬಿಯೊಳಗೆ ಕುಳಿತು ಮಾತಾಡಿದ ಹಾಗೆ ಉಂಟು. ಯಾರು ಎಲ್ಲಿ ನಿಂತಿದ್ದಾರೆ, ಗಾಡಿ ಯಾವ ಕಡೆಯಿಂದ ಬಂತು, ಒಂದೂ ಗೊತ್ತಾಗುದಿಲ್ಲ' ಎಂದರು. ಕಣ್ಣಿದ್ದವರಿಗೆ ಅದು ಸಾಕು, ಮಗಾ. ಪರದೆ ನೋಡಿಕೊಂಡೇ ನಾವು ಜಾಗ ತಿಳಿದುಕೊಳ್ಳುತ್ತೇವೆ. ಅವರಿಗೆ ಜಾಗವೂ ಕಿವಿಯಿಂದಲೇ ತಿಳಿಯಬೇಕು. ಸ್ವಲ್ಪ ಹೊತ್ತು ಬಿಟ್ಟು ಅವರೇ ಎದ್ದು, ತಡವರಿಸಿಕೊಂಡು ಚಾವಡಿಯ ಮೂಲೆಗೆ ಹೋಗಿ, ಹಳೆಯ ಸ್ಪೀಕರಿನ ಮೇಲೆ ಹಾಸಿದ್ದ ಬಟ್ಟೆಯನ್ನು ಎಳೆದು ತೆಗೆದರು. 'ಇದನ್ನು ಹಾಡಿಸಬೇಕು' ಎಂದರು. ಐದು ತಿಂಗಳಲ್ಲಿ ಅವರು ಬೇಕು ಎಂದು ಕೇಳಿದ ಮೊದಲನೆಯ ವಸ್ತು ಅದು. ಅದಕ್ಕೇ ನಿನ್ನ ಉಡುಗೊರೆ ಕಡಬಕ್ಕೆ ಹೋಯಿತು. ಅದಕ್ಕೇ ಗುಜರಿಯ ಮಾತು ಅವರಿಗೆ ಅಷ್ಟು ನಾಟಿತು.

ಆ ಸ್ಪೀಕರುಗಳು ಜೀಪಿನಲ್ಲಿ ಬಂದಿಳಿದಾಗ ನಿನಗೆ ಐದು ವರ್ಷ. ನಿನ್ನ ಎದೆಮಟ್ಟಕ್ಕೆ ಬರುತ್ತಿದ್ದವು. ಪುತ್ತೂರಿನಲ್ಲಿ ರೇಡಿಯೋ ರಿಪೇರಿ ಮಾಡುವ ಪೋಕರ್ ಬ್ಯಾರಿ ನಿನಗೆ ನೆನಪಿರಬೇಕು, ನಾವೆಲ್ಲ ಪೋಕರಾಕ ಎಂದು ಕರೆಯುವುದು. ಟಾಕೀಸಿನ ಆಂಪ್ಲಿಫೈಯರ್ ಕೆಟ್ಟಾಗ ಬರುತ್ತಿದ್ದವರು. ಅವರು ಕುವೈತಿನಲ್ಲಿದ್ದಾಗ ಹಡಗಿನಲ್ಲಿ ಊರಿಗೆ ಕಳಿಸಿದ್ದ ಸ್ಪೀಕರುಗಳು ಅವು. ಯುದ್ಧವಾಗಿ ವಾಪಸು ಬಂದ ಮೇಲೆ ಬಾಡಿಗೆ ಮನೆಯಲ್ಲಿ ಇಡಲು ಜಾಗವಿಲ್ಲದೆ ಅಪ್ಪನಿಗೆ ಕೊಟ್ಟರು. ಅವನ್ನು ಹಾಡಿಸಲು ಜೊತೆಗಿದ್ದ ರಿಸೀವರ್ ಎರಡು ವರ್ಷದ ಹಿಂದೆ ಏಪ್ರಿಲ್ ತಿಂಗಳ ಸಿಡಿಲಿಗೆ ಸುಟ್ಟುಹೋಯಿತು. ಅಲ್ಲಿಂದ ಸ್ಪೀಕರುಗಳು ಸುಮ್ಮನೆ ನಿಂತಿದ್ದವು.

ಪೋಕರಾಕನಿಗೆ ಈಗ ಎಪ್ಪತ್ತಮೂರು. ಆದರೂ ಫೋನು ಮಾಡಿದ ಮರುದಿನವೇ ಬಸ್ಸು ಹತ್ತಿ ಬಂದರು. ಅಪ್ಪನನ್ನು ನೋಡಿ ಒಂದು ಗಳಿಗೆ ಬಾಗಿಲಲ್ಲೇ ನಿಂತುಬಿಟ್ಟರು. ಮತ್ತೆ ಏನೂ ಆಗದವರ ಹಾಗೆ 'ಎಂತ ದೇರಣ್ಣ, ನನ್ನ ಮಕ್ಕಳನ್ನು ಹೀಗೆ ನೋಡಿಕೊಳ್ಳುದಾ?' ಎನ್ನುತ್ತಾ ಸ್ಪೀಕರಿನ ಮುಂದೆ ಕುಳಿತರು. ಸದ್ದು ಹೊರಡಿಸುವ ದೊಡ್ಡ ಕೋನಿನ ಸುತ್ತ ಇರುವ ಸ್ಪಂಜಿನ ಅಂಚು ಬೆರಳು ಮುಟ್ಟಿದರೆ ಹುಡಿಯಾಗಿ ಉದುರುತ್ತಿತ್ತು. ಕೋನುಗಳನ್ನು ಬಿಚ್ಚಿ ಪುತ್ತೂರಿಗೆ ಒಯ್ದು, ಹೊಸ ಅಂಚು ಅಂಟಿಸಿ ಎಂಟು ದಿನದಲ್ಲಿ ತಂದರು. ಹೊರಡುವಾಗ ನನ್ನನ್ನೂ ಸುರಕ್ಷಾಳನ್ನೂ ಕೂರಿಸಿ ಪಾಠ ಹೇಳಿದರು: 'ಸ್ಪೀಕರ್ ಹಳತಾದ್ರೂ ಆನೆ. ಇದು ನಾಲ್ಕು ಓಮಿನದ್ದು. ಓಮ್ ಕಡಿಮೆ ಆದಷ್ಟು ಕರೆಂಟು ಜಾಸ್ತಿ ಎಳೀತದೆ. ತೋಟದಲ್ಲಿ ಸಣ್ಣ ಪಂಪಿಗೆ ಹತ್ತು ಸ್ಪ್ರಿಂಕ್ಲರ್ ಹಾಕಿದ್ರೆ ಎಂತ ಆಗ್ತದೆ? ಹಾಗೆ. ಪೆಟ್ಟಿಗೆ ಮೇಲೆ ಬರೆದ ವಾಟ್ ನೋಡಿ ರಿಸೀವರ್ ತೆಗೀಬೇಡಿ. ನಾಲ್ಕು ಓಮ್ ತಡ್ಕೊಳ್ತದಾ ಅಂತ ಕೇಳಿ.'

ನಿನ್ನ ತಂಗಿಯ ಅವಸರ ನಿನಗೆ ಗೊತ್ತೇ ಇದೆ. ಮನೆಗೆ ಹೋಗುವಷ್ಟರಲ್ಲಿ ಮೊಬೈಲಿನಲ್ಲಿ ಒಂದನ್ನು ಆರಿಸಿ ತರಿಸಿದಳು. ಅಂಗೈಯಗಲದ ಚಂದದ ಪೆಟ್ಟಿಗೆ, ಎದುರಿಗೆ ನೀಲಿ ದೀಪ, ಮೇಲೆ ಸಾವಿರ ವಾಟ್ ಎಂದು ಬರಹ. ಹಾಡು ಹಾಕಿದಾಗ ಸರಿಯಾಗಿಯೇ ಇತ್ತು. ಸಿನಿಮಾದಲ್ಲಿ ಒಂದು ಕಟ್ಟಡ ಕುಸಿದುಬೀಳುವ ಹೊತ್ತಿಗೆ ಟಪ್ ಎಂದು ಬಾಯಿ ಮುಚ್ಚಿತು. ತಣಿದ ಮೇಲೆ ಪುನಃ ಹಾಕಿದೆವು. ಕಾಲು ಗಂಟೆಗೆ ಪುನಃ ಟಪ್.  ಅಪ್ಪ ಕೈ ಚಾಚಿ ಅದನ್ನು ಮುಟ್ಟಿ ನೋಡಿ, 'ಇದಕ್ಕೆ ಜ್ವರ ಬಂದಿದೆ ಸುರಕ್ಷಾ' ಎಂದರು. ಬಹಳ ದಿನಗಳ ಮೇಲೆ ಅವರ ಬಾಯಿಂದ ತಮಾಷೆಯ ಮಾತು ಕೇಳಿದ್ದು. ಅವಳು ಅಡುಗೆಮನೆಗೆ ಬಂದು ಅತ್ತಳು.

ಎರಡನೆಯದು ಕುಂಬ್ರದಿಂದ ಬಂತು. ಪೋಕರಾಕನ ತಂಗಿಯ ಮಗಳು ಇರ್ಫಾನಾ ಅಲ್ಲಿದ್ದಾಳೆ. ಅವಳ ಗಂಡ ದುಬೈಯಿಂದ ತಂದಿಟ್ಟಿದ್ದ ದೊಡ್ಡ ಹೋಂ ಥಿಯೇಟರ್ ರಿಸೀವರ್ ಮನೆಯಲ್ಲಿ ಸುಮ್ಮನೆ ಕುಳಿತಿತ್ತು. ಏಳು ಸ್ಪೀಕರ್ ನಡೆಸುವಂಥದ್ದು, ನಾಲ್ಕು ಓಮಿಗೂ ಹೆದರುವುದಿಲ್ಲ, ಟಿವಿಯಿಂದ ಒಂದೇ ವೈರು. ಮೊದಲ ದಿನ ಸಂಗೀತವೆಲ್ಲ ಅಬ್ಬರಿಸಿತು, ಮಾತು ಮಾತ್ರ ಪಿಸುಗುಟ್ಟಿದ ಹಾಗೆ. ಪೋಕರಾಕ ನಕ್ಕರು. ನಡುವೆ ಇನ್ನೊಂದು ಸ್ಪೀಕರ್ ಇದೆ ಎಂದು ಅದು ತಿಳಿದುಕೊಂಡು ಮಾತನ್ನೆಲ್ಲ ಅಲ್ಲಿಗೆ ಕಳಿಸುತ್ತಿತ್ತಂತೆ. ಟಿವಿಯ ಪರದೆಯ ಮೇಲೆ ಸೆಟ್ಟಿಂಗಿನ ಪಟ್ಟಿ ತೆರೆದು, ನಡುವೆ ಸ್ಪೀಕರ್ ಇಲ್ಲ, ಎರಡೇ ಇರುವುದು ಎಂದು ತಿಳಿಸಿಕೊಟ್ಟರು. ಆಗ ನೋಡು, ಎರಡು ಪೆಟ್ಟಿಗೆಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ ಮನುಷ್ಯ ನಿಂತು ಮಾತಾಡಿದ ಹಾಗೆ ಕೇಳಿತು. ಎಡಗಡೆಯಲ್ಲಿ ಬಾಗಿಲು ಕಿರುಗುಟ್ಟಿತು. ಅಪ್ಪ ಆ ಕಡೆಗೆ ತಲೆ ತಿರುಗಿಸಿದರು. ನನಗೆ ಇಷ್ಟೇ ಸಾಕು ಎನಿಸಿತು. ಹುಡುಕಾಟ ಮುಗಿಯಿತು ಎಂದು ಅಂದು ಪಾಯಸ ಮಾಡಿದೆ.

ಮುಗಿದಿರಲಿಲ್ಲ. ದಸರೆಗೆ ಎರಡು ದಿನ ಮೊದಲು ನಾನು ರೇಷನಿಗೆ ಹೋಗಿದ್ದೆ. ಅಂಗಡಿಯಲ್ಲಿ ಸಾಲು ಉದ್ದ, ನಡುವೆ ಕರೆಂಟು ಹೋಗಿ ಹೆಬ್ಬೆಟ್ಟು ಒತ್ತುವ ಮಿಷನ್ ನಿಂತುಹೋಯಿತು. ಮನೆಗೆ ಬರುವಾಗ ನಾಲ್ಕು ಗಂಟೆ. ನಾನು ಬಂದ ಬಸ್ಸಿನಿಂದಲೇ ಪೋಕರಾಕ ಉದ್ದದ ವೈರು ಹಿಡಿದುಕೊಂಡು ಇಳಿದರು. ಇಬ್ಬರೂ ಒಟ್ಟಿಗೆ ಬಂದೆವು. ಅಂಗಳಕ್ಕೆ ಬರುವಾಗಲೇ ಟಿವಿ ಯಾವುದೋ ಭಾಷೆಯಲ್ಲಿ ಕಿರುಚುತ್ತಿರುವುದು ಕೇಳಿಸಿತು. ಒಳಗೆ ಅಪ್ಪ ನೆಲದ ಮೇಲೆ ಮೊಣಕಾಲೂರಿ, ರಿಸೀವರಿನ ಮುಖವನ್ನು ಎರಡೂ ಕೈಯಲ್ಲಿ ಸವರುತ್ತಿದ್ದರು. ಸುತ್ತ ಮೂರು ರಿಮೋಟು. ಪರದೆಯ ತುಂಬ ಪಟ್ಟಿಯ ಮೇಲೆ ಪಟ್ಟಿ. ಕರೆಂಟು ಹೋಗಿ ಬಂದ ಮೇಲೆ ಅದನ್ನು ಹಾಡಿಸಲು ಎಷ್ಟು ಹೊತ್ತಿನಿಂದ ಒದ್ದಾಡಿದ್ದರೋ, ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು. ಒಂದೊಂದು ಗುಂಡಿ ಒತ್ತಿದಷ್ಟೂ ಇನ್ನೊಂದು ಕೆಟ್ಟಿತ್ತು. ನನ್ನ ಹೆಜ್ಜೆ ಸದ್ದು ಕೇಳಿ, ಜೊತೆಯಲ್ಲಿ ಇನ್ನೊಬ್ಬರಿದ್ದಾರೆ ಎಂದು ತಿಳಿಯದೆ, 'ಇದು ಕುರುಡರಿಗೆ ಇರುದಲ್ಲ ಪ್ರೇಮ' ಎಂದರು. ಆ ಶಬ್ದವನ್ನು ಅವರು ತಮಗೆ ತಾವೇ ಹೇಳಿಕೊಂಡದ್ದು ಅದೇ ಮೊದಲು. ಸಾವಿರಾರು ರೀಲು ಓಡಿಸಿದ ಕೈಗಳಿಂದ ರಿಮೋಟುಗಳನ್ನು ದೂರ ತಳ್ಳಿದರು. ನಾನು ಹಿಂತಿರುಗಿ ನೋಡಿದೆ. ಪೋಕರಾಕ ವೈರನ್ನು ಜಗಲಿಯಲ್ಲಿಟ್ಟು ಸದ್ದಿಲ್ಲದೆ ಹೊರಟುಹೋಗಿದ್ದರು. ಚಹಾ ಕೂಡ ಕುಡಿಯಲಿಲ್ಲ.

ಒಂದು ವಾರ ಅವರ ಸುದ್ದಿಯಿಲ್ಲ. ಅಪ್ಪ ಪುನಃ ಗೋಡೆಗೆ ಮುಖ ಮಾಡಿದರು. ಎಂಟನೆಯ ದಿನ ಮಧ್ಯಾಹ್ನ ಒಂದು ರಿಕ್ಷಾ ಬಂದು ನಿಂತಿತು. ಹೂವಿನ ಚಿತ್ತಾರದ ಬೆಡ್‌ಶೀಟಿನಲ್ಲಿ ಕಟ್ಟಿದ ಒಂದು ಗಂಟನ್ನು ಮಗುವನ್ನೆತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ಪೋಕರಾಕ ಇಳಿದರು. ಬಿಚ್ಚಿದರೆ ಹಳೆಯ ಸ್ಟೀರಿಯೋ ರಿಸೀವರ್. ಬೆಳ್ಳಿ ಬಣ್ಣದ ಮುಖ, ರೇಡಿಯೋ ಸ್ಟೇಷನ್ನುಗಳ ಉದ್ದನೆಯ ಗಾಜು, ಬಲಗಡೆ ಮುಷ್ಟಿಯಷ್ಟು ದೊಡ್ಡ ನಾಬು. 'ಇದು ನನ್ನ ಹತ್ತಿರ ಮೊದಲಿಂದಲೇ ಇತ್ತು ಪ್ರೇಮಕ್ಕ' ಎಂದರು. 'ಇದೇ ಸರಿಯಾದ್ದು ಅಂತ ಮೊದಲ ದಿನವೇ ಗೊತ್ತಿತ್ತು. ಕೊಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ಕದೀಜಮ್ಮ ಸಂಜೆ ಇದರಲ್ಲೇ ರೇಡಿಯೋ ಕೇಳ್ತಿದ್ದದ್ದು. ಅವಳು ಹೋದ ಮೇಲೆ ನಾನು ಹಾಕ್ಲೇ ಇಲ್ಲ. ಧೂಳು ಮಾತ್ರ ಒರಸ್ತಿದ್ದೆ.' ಕದೀಜಮ್ಮ ಅವರ ಹೆಂಡತಿ, ತೀರಿಹೋಗಿ ನಾಲ್ಕು ವರ್ಷವಾಯಿತು. ಅಪ್ಪ ಬೇಡವೆಂದರು. 'ಅದು ನಿಮ್ಮ ಮನೆಯಲ್ಲೇ ಇರ್ಲಿ ಪೋಕರಾಕ, ನನಗೆ ಒಂದು ಡಬ್ಬಿ ಸಾಕು.' ಪೋಕರಾಕ ಅಪ್ಪನ ಬಲಗೈ ಹಿಡಿದು ನಾಬಿನ ಮೇಲೆ ಇಟ್ಟರು. 'ತಿರುಗಿಸಿ ನೋಡಿ ದೇರಣ್ಣ. ನಿಮ್ಮ ಕೈಗೆ ಗೊತ್ತಾಗ್ತದೆ.'

ಹರಿ, ನಾನು ಇದೆಲ್ಲ ಕಲಿತವಳಲ್ಲ, ನೀನು ಸೈನ್ಯದ ಸಿಗ್ನಲ್ಸಿನವನು, ನಗಬೇಡ. ನಾನು ತಿಳಿದುಕೊಂಡದ್ದು ಇಷ್ಟು. ಈ ರಿಸೀವರಿನಲ್ಲಿ ಪರದೆಯ ಮೇಲೆ ನೋಡಬೇಕಾದ ಪಟ್ಟಿ ಒಂದೂ ಇಲ್ಲ. ಇನ್ನೊಂದು ನಾಬು ತಿರುಗಿಸಿದರೆ ಕಟಕ್ ಎಂದು ಬೆರಳಿಗೆ ತಿಳಿಯುತ್ತದೆ: ಮೊದಲನೆಯ ಕಟಕ್ ರೇಡಿಯೋ, ಎರಡನೆಯದು ಕ್ಯಾಸೆಟ್ಟು, ಮೂರನೆಯದು ಟಿವಿ. ಸ್ವಿಚ್ಚನ್ನು ಕೆಳಗೆ ಒತ್ತಿಟ್ಟರೆ ಹಾಗೇ ಇರುತ್ತದೆ. ಕರೆಂಟು ಹೋಗಿ ಬಂದರೆ ಯಾರೂ ಮುಟ್ಟದೆ ತಾನೇ ಹಾಡಲು ತೊಡಗುತ್ತದೆ. ಸ್ಪೀಕರುಗಳ ಕಾಲದ್ದೇ ಆದ್ದರಿಂದ ನಾಲ್ಕು ಓಮ್ ಅದಕ್ಕೆ ಹೊರೆಯಲ್ಲ. ಹಳೆಯದಕ್ಕೆ ಹೊಸ ಟಿವಿಯ ವೈರು ಕೂರುವುದಿಲ್ಲವಲ್ಲ, ಅದಕ್ಕೆ ಪೋಕರಾಕ ಬೆಂಕಿಪೆಟ್ಟಿಗೆಯಷ್ಟು ಸಣ್ಣ ಒಂದು ಸಾಧನ ತಂದಿದ್ದರು. ಟಿವಿಯ ಬೆನ್ನಲ್ಲಿ ಕೆಂಪು ಬೆಳಕು ಬರುವ ತೂತಿನಿಂದ ಒಂದು ವೈರು ಅದಕ್ಕೆ, ಅದರಿಂದ ಎರಡು ವೈರು ರಿಸೀವರಿಗೆ. ಟಿವಿಯ ರಿಮೋಟಿನಲ್ಲಿ ಅಪ್ಪನಿಗೆ ಬೇಕಾದ ಎರಡು ಗುಂಡಿಗಳ ಮೇಲೆ ನಾನು ಅಕ್ಕಿಕಾಳು ಅಂಟಿಸಿದೆ. ಪೋಕರಾಕ ಹಗ್ಗ ಹಿಡಿದು ಎರಡೂ ಸ್ಪೀಕರಿನಿಂದ ಸಮ ದೂರ ಅಳೆದು ಕುರ್ಚಿ ಇಟ್ಟರು. ಮತ್ತೆ ಬೆವರು ಒರಸಿಕೊಂಡು, 'ಈಗ ನೀವು ಹಾಕಿ, ಆಪರೇಟರ್ ನೀವು' ಎಂದರು.

ಅಪ್ಪ ತಾವೇ ಹಾಕಿದರು. ನಾವು ಯಾರೂ ಕೈ ಕೊಡಲಿಲ್ಲ. ಮೊದಲು ಸಿಕ್ಕಿದ್ದು ಒಂದು ಯಕ್ಷಗಾನ. ಬಲಗಡೆ ಚೆಂಡೆ, ಎಡಗಡೆ ಮದ್ದಳೆ, ಭಾಗವತರು ನಟ್ಟನಡುವೆ. ಚೆಂಡೆಯ ಪೆಟ್ಟು ಬಿದ್ದಾಗ ನೆಲದಿಂದ ನನ್ನ ಅಂಗಾಲಿಗೆ ಬಂತು. ಮರುದಿನ ಸಿನಿಮಾ ಹಾಕಿದರು, ಟಾಕೀಸಿನಲ್ಲಿ ಅವರೇ ಐವತ್ತು ದಿನ ಓಡಿಸಿದ್ದು. ನಾನು ನಡುವೆ 'ಈಗ ಅವಳು ಮೆಟ್ಟಿಲು ಇಳೀತಾಳೆ' ಎಂದು ಹೇಳಹೊರಟೆ. ಕೈಯೆತ್ತಿ ತಡೆದರು. ಮುಗಿದ ಮೇಲೆ ಹೇಳಿದರು: 'ಕ್ಯಾಬಿನ್ನಿನಲ್ಲಿ ಇಪ್ಪತ್ತೇಳು ವರ್ಷ ಪ್ರೊಜೆಕ್ಟರಿನ ಕಟಕಟ ಮಾತ್ರ ಕೇಳಿದ್ದು. ಗಾಜಿನ ಆಚೆ ಚಿತ್ರ ಕಾಣ್ತಿತ್ತು, ಮಾತು ಒಂದು ಸಣ್ಣ ಸ್ಪೀಕರಿನಲ್ಲಿ ಕರಕರ ಬರ್ತಿತ್ತು. ಇವಳು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಮಳೆ ಸದ್ದು ಉಂಟು ಅಂತ ನನಗೆ ಇವತ್ತು ಗೊತ್ತಾಯ್ತು.' ನಾನು ಮುಖ ಆ ಕಡೆ ಮಾಡಿಕೊಂಡೆ. ಅವರಿಗೆ ಕಾಣುವುದಿಲ್ಲ ಎಂಬುದು ಆ ಕ್ಷಣ ಮರೆತುಹೋಗಿತ್ತು.

ಎಲ್ಲವೂ ಸರಿಹೋಯಿತು ಎಂದು ನಾನು ಬರೆಯುವುದಿಲ್ಲ. ಈಗಲೂ ಕೆಲವು ದಿನ ಕುರ್ಚಿಗೆ ಬರುವುದಿಲ್ಲ. ಊಟದ ನಡುವೆ ಕೈ ನಿಂತುಬಿಡುತ್ತದೆ. ಒಮ್ಮೊಮ್ಮೆ ನನ್ನ ಮಣಿಕಟ್ಟನ್ನು ಹುಡುಕಿ ಹಿಡಿದು, ಮೂಳೆ ಕೂಡಿದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಾ ಕೂರುತ್ತಾರೆ. ಆದರೆ ಬೆಳಿಗ್ಗೆ ಆರೂಕಾಲಿಗೆ ಅವರೇ ಎದ್ದು ಆಕಾಶವಾಣಿ ಹಾಕುತ್ತಾರೆ, ಆ ಸದ್ದಿಗೆ ನಾನು ಹಾಸಿಗೆ ಬಿಡುವುದು. ಪೋಕರಾಕ ಎರಡು ವಾರಕ್ಕೊಮ್ಮೆ ಬರುತ್ತಾರೆ. ಅಪ್ಪ ಅವರಿಗೆ ನಡುವಿನ ಕುರ್ಚಿ ಬಿಟ್ಟುಕೊಟ್ಟು ತಾವು ಬದಿಗೆ ಕುಳಿತುಕೊಳ್ಳುತ್ತಾರೆ. ಹಳೆಯ ಹಾಡು ಬಂದರೆ ಪೋಕರಾಕ ಕಣ್ಣು ಮುಚ್ಚಿಕೊಳ್ಳುತ್ತಾರೆ.  ನನಗೆ ಚಹಾ ಮಾಡುವುದಷ್ಟೇ ಕೆಲಸ.

ನೀನು ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಮಾಡಿಕೊಳ್ಳಲೇಬೇಕೆಂದರೆ ನನ್ನ ಮೇಲೆ ಮಾಡಿಕೋ, ಸುಳ್ಳು ಹೇಳಿದ ಬಾಯಿ ನನ್ನದು. ಅವರಿಗೆ ಕರುಣೆ ತೋರಿಸಬೇಡ, ಅದು ಅವರಿಗೆ ಆಗುವುದಿಲ್ಲ. ಮುಂದಿನ ಸಲ ಫೋನು ಸಿಕ್ಕಿದಾಗ ರಿಸೀವರಿನ ವಿಷಯ ಕೇಳು, ಓಮಿನ ವಿಷಯ ಕೇಳು. ಪಾಪುವನ್ನು ಕರೆದುಕೊಂಡು ಬಂದಾಗ ಅವರ ತೊಡೆಯ ಮೇಲೆ ಕೂರಿಸು. ಆ ಮೂಗನ್ನು ಅವರು ಕೈಯಿಂದ ಮುಟ್ಟಿ ನೋಡಲಿ.

ಬೆಚ್ಚಗಿರು. ಜೊತೆಯ ಹುಡುಗರಿಗೂ ನನ್ನ ಹರಕೆ ತಿಳಿಸು. ಸುಬ್ರಹ್ಮಣ್ಯ ದೇವರೂ ನಮ್ಮ ಮನೆಯ ದೈವಗಳೂ ನಿನ್ನ ಬೆನ್ನಿಗಿರಲಿ ಎಂದು ದಿನಾ ದೀಪ ಹಚ್ಚುವಾಗ ಬೇಡಿಕೊಳ್ಳುತ್ತೇನೆ.

ನಿನ್ನ ಅವ್ವ,
ಪ್ರೇಮಾವತಿ

ತಾ.ಕ.: ಸೋಮವಾರ ಬೆಳಿಗ್ಗೆ. ಕವರು ಅಂಟಿಸಿ ಆಗಿತ್ತು. 'ಅದನ್ನು ಬರೆದಿದ್ದೀಯಾ?' ಎಂದು ಅಪ್ಪ ಕೇಳಿದರು. ಬರೆದಿರಲಿಲ್ಲ, ನನಗೆ ಧೈರ್ಯ ಬಂದಿರಲಿಲ್ಲ. ಈಗ ಬಿಚ್ಚಿ ಬರೆಯುತ್ತಿದ್ದೇನೆ, ಹತ್ತು ಗಂಟೆಗೆ ಟಪಾಲು ಹೋಗುತ್ತದೆ. ಈ ರೋಗ ರಕ್ತದಲ್ಲಿ ಇಳಿದುಬರುತ್ತದಂತೆ. ಮಕ್ಕಳ ಕಣ್ಣು ಪರೀಕ್ಷೆ ಮಾಡಿಸಿ ಎಂದು ಆ ಶಿಬಿರದ ಡಾಕ್ಟರು ಅಂದೇ ಹೇಳಿದ್ದರಂತೆ, ಅಪ್ಪ ಅದನ್ನೂ ನುಂಗಿಕೊಂಡಿದ್ದರು. ಹೋದ ಬುಧವಾರ ಸುರಕ್ಷಾಳನ್ನು ಪುತ್ತೂರಿಗೆ ಕಳಿಸಿದೆವು. ಅವಳ ಬಲಗಣ್ಣಿನಲ್ಲಿ ಒತ್ತಡ ಹೆಚ್ಚಿದೆ. ಕಣ್ಣಿಗೆ ಮದ್ದು ಹಾಕಲು ಶುರು ಮಾಡಿದ್ದಾಳೆ, ಹೊತ್ತಿಗೆ ಸರಿಯಾಗಿ ಬಂದಿರಿ, ಹೆದರಬೇಕಾಗಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದ್ದಾರೆ. ಹರಿ, ಕಳೆದ ವರ್ಷ ನೀನು ರಜೆಯಲ್ಲಿ ಬಂದಿದ್ದಾಗ ಅಂಗಳದಲ್ಲಿ ಎಡಬದಿಗಿಟ್ಟ ಬಾಲ್ದಿಗೆ ಎರಡು ಸಲ ಎಡವಿದ್ದೆ. ನಾವೆಲ್ಲ ನಕ್ಕಿದ್ದೆವು. ಅದು ನೆನಪಾದಾಗಿನಿಂದ ನನಗೆ ಅನ್ನ ಇಳಿಯುವುದಿಲ್ಲ. ನಾಳೆ ನಾಡಿದ್ದು ಎನ್ನಬೇಡ, ಈ ಕಾಗದ ಸಿಕ್ಕಿದ ದಿನವೇ ನಿಮ್ಮ ಡಾಕ್ಟರರ ಹತ್ತಿರ ಹೋಗಿ ಕಣ್ಣಿನ ಒತ್ತಡ ನೋಡಿಸು. ಸೈನ್ಯದ ಮೆಡಿಕಲ್ ದರ್ಜೆಯಲ್ಲಿ ಕೆಳಗೆ ಹಾಕಿಯಾರು, ಪ್ರಮೋಷನ್ ತಪ್ಪೀತು ಎಂದು ಮುಚ್ಚಿಡಬೇಡ. ಅಪ್ಪ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: 'ನಾನು ಹೆದರಿ ಮುಚ್ಚಿಟ್ಟೆ. ಅವನು ಹಾಗೆ ಮಾಡುದು ಬೇಡ.' ಪರೀಕ್ಷೆ ಆದ ಮೇಲೆ ಹೇಗಾದರೂ ಮಾಡಿ ಒಂದು ಫೋನು ಮಾಡು. ಅಪ್ಪನೇ ಎತ್ತುತ್ತಾರೆ.